ಲಿಪ್ಕಾನ ಕೋಟು

ನಿಜವಾದ ಲಿಪ್ಕಾ ಯಾರು ಎಂದು ಕೇಳುತ್ತೀಯ, ಪತ್ರಿಕೆಯವಳೇ.
ಕೂತುಕೋ. ಆ ಇಸ್ತ್ರಿಪೆಟ್ಟಿಗೆ ಸರಿಸು, ಬಿಸಿಯಿದೆ.
ವೂಚ್ ಊರಿನ ಈ ರಂಗಮಂದಿರದ ನೆಲಮಾಳಿಗೆಯಲ್ಲಿ
ನಲವತ್ತೊಂದು ವರ್ಷ ಸೂಜಿ ಹಿಡಿದವಳು ನಾನು.
ಅವರ ಮುಖ ನಾನು ಹೆಚ್ಚು ನೋಡಿಲ್ಲ.
ಬೆನ್ನು ಬಲ್ಲೆ.

ಕೋಟು ಒಂದೇ. ಬೂದು ಉಣ್ಣೆ, ಇದೇ ಊರಿನ ಗಿರಣಿಯದು.
ಆ ಗಿರಣಿಯಲ್ಲಿ ಈಗ ಚಪ್ಪಲಿ ಮಾರುತ್ತಾರೆ.

ಮೊದಲು ತೊಟ್ಟವನು ವಿಟೋಲ್ಡ್. ಎದೆ ನೂರ ಹದಿನಾರು ಸೆಂಟಿಮೀಟರು,
ಬಾಗಿಲಲ್ಲಿ ನಿಂತರೆ ಹಿಂದಿನ ದೀಪ ಕಾಣದು.
ಅವನ ಲಿಪ್ಕಾಗೆ ಎಲ್ಲ ಮೊದಲೇ ಗೊತ್ತು,
ಗೊತ್ತಿಲ್ಲದವರ ಮೇಲೆ ಸುಮ್ಮನೆ ಕನಿಕರ.
ಮೂರನೇ ಅಂಕದಲ್ಲಿ ಅವನು ಮಾತು ನಿಲ್ಲಿಸಿದರೆ
ಗ್ಯಾಲರಿಯಲ್ಲಿ ಒಂದು ಕೆಮ್ಮೂ ಇಲ್ಲ.
ಒಂದು ರಾತ್ರಿ ಪರದೆಯ ಹಿಂದೆ ಸಿಗರೇಟು ಬಚ್ಚಿಡಲು ಹೋಗಿ
ಎಡತೋಳಿನಲ್ಲಿ, ಮೊಣಕೈಗೆ ಮೂರು ಬೆರಳು ಕೆಳಗೆ,
ಸುಟ್ಟ ತೂತು. ಬಟಾಣಿ ಕಾಳಿನಷ್ಟು.
ಹೊಲಿಯಲು ಪುರುಸೊತ್ತಿರಲಿಲ್ಲ, ಗಂಟೆ ಹೊಡೆದಿತ್ತು.

ಆಮೇಲೆ ಹಿಲಾರಿ. ಛತ್ರಿಯ ಕಡ್ಡಿ.
ಎರಡೂ ಬದಿ ಒಳಕ್ಕೆ ಮಡಚಿ ಹೊಲಿದೆ, ಇಗೋ ಗುರುತು.
ಇವನ ಲಿಪ್ಕಾಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೇ ಭಯ.
ಸುಳಿವು ಸಿಕ್ಕಾಗಲೆಲ್ಲ
ಸಾಲ ಕೊಟ್ಟವನನ್ನು ಕಂಡವನಂತೆ ಬೆಚ್ಚುತ್ತಿದ್ದ.
ಯೋಚಿಸುವಾಗ ತೂತಿನೊಳಗೆ ಬೆರಳು ತೂರಿಸಿ ತಿರುವುತ್ತಿದ್ದ,
ನೋಡನೋಡುತ್ತ ಬಟಾಣಿ ಹೋಗಿ ನಾಣ್ಯವಾಯಿತು.
ಪ್ರತಿ ರಾತ್ರಿ ಕಂಕುಳ ಅಸ್ತರು ಒದ್ದೆ.
ಪತ್ತೇದಾರ ಅಂದರೆ ಇವನೇ ಎಂದು ಜನ ಬೈದರು.
ನನ್ನ ಗಂಡ ಮಾತ್ರ, ಗಿರಣಿಯ ಕೆಲಸ ಹೋದ ಆ ಚಳಿಗಾಲ,
ಎಂಟು ಸಲ ನೋಡಿದ. ಯಾಕೆಂದು ಹೇಳಲಿಲ್ಲ.
ನಾನೂ ಪತ್ತೆ ಮಾಡಲು ಹೋಗಲಿಲ್ಲ.

ಗ್ರಾಜಿನಾ ಬಂದಾಗ ನಿಮ್ಮ ಪತ್ರಿಕೆಗಳು ಕುದಿದವು. ಹೆಂಗಸು ಲಿಪ್ಕಾ!
ಗುಂಡಿಯ ಬದಿ ಬದಲಿಸಲೇ ಎಂದು ಕೇಳಿದೆ.
ಬೇಡ, ಅಂದಳು, ಗಂಡಸಿನ ಬದಿಯಲ್ಲೇ ಇರಲಿ,
ಗುಂಡಿ ಹಾಕಲು ತಡವರಿಸುವ ಒಂದು ಕ್ಷಣ ನನಗೆ ಬೇಕು.
ಅಷ್ಟೇ ಅವಳ ಅಭಿನಯ:
ತಡವರಿಸುವ ಕೈ, ತಡವರಿಸದ ಕಣ್ಣು.
ಜೇಬಿನಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ ಸಿಗುತ್ತಿತ್ತು.
ವಿಚಾರಣೆಯ ದೃಶ್ಯದಲ್ಲಿ ಕೊಲೆಗಾರನಿಗೂ
ಒಂದು ಹಿಡಿ ಕೊಡುತ್ತಿದ್ದಳಂತೆ.

ಈಗ ವಾರ್ಸಾದಿಂದ ಈ ಹುಡುಗ, ಕಾಯೆತಾನ್.
ಮೂವರ ಹಳೆಯ ಟೇಪುಗಳನ್ನೂ ಅರೆದು ಕುಡಿದಿದ್ದಾನೆ.
ಅವನ ಮೇಲಿನ ಗೌರವಕ್ಕೆಂದು ಭಾನುವಾರ ಪೂರ್ತಿ ಕೂತು
ಎಳೆಗೆ ಎಳೆ ಹೊಂದಿಸಿ ತೂತು ಮುಚ್ಚಿದೆ.
ನನ್ನ ಸೂಜಿ ಎಲ್ಲಿ ಓಡಾಡಿದೆಯೆಂದು
ಯಾವ ಪತ್ತೇದಾರನಿಗೂ ತಿಳಿಯದು.
ಹುಡುಗ ತೊಟ್ಟ. ತೋಳು ತಡವಿದ. ಬಿಳಿಚಿಕೊಂಡ.
“ಅಜ್ಜೀ, ಲಿಪ್ಕಾ ಎಲ್ಲಿ?”

ಪುಸ್ತಕ ಓದಿದ್ದೀಯಾ ನೀನು? ಅದರಲ್ಲಿ ತೂತಿಲ್ಲ.
ಬೂದು ಕೋಟೂ ಇಲ್ಲ. ಕಂದು ಬಣ್ಣದ್ದು,
ಅದೂ ಒಂದೇ ಸಲ, ಗೂಟಕ್ಕೆ ನೇತುಹಾಕಿದ್ದು.
ಪುಸ್ತಕದ ಲಿಪ್ಕಾಗೆ ಹೊಗೆ ಕಂಡರಾಗದು,
ಎರಡು ಪುಟಕ್ಕೊಮ್ಮೆ ಎದ್ದು ಕಿಟಕಿ ತೆರೆಯುತ್ತಾನೆ.

ಯಾರು ಅಂತ ಮತ್ತೆ ಕೇಳಬೇಡ.
ವಿಟೋಲ್ಡನ ಬೆನ್ನು ಕಂಡರೆ ಧೈರ್ಯ ಬರುತ್ತಿತ್ತು,
ಹಿಲಾರಿಯದನ್ನು ಕಂಡರೆ
ಒಂದು ಬಟ್ಟಲು ಸೂಪು ಕೊಡೋಣ ಅನಿಸುತ್ತಿತ್ತು.
ಗ್ರಾಜಿನಾಳ ಬೆನ್ನು ನೆನಪಾಗುತ್ತಿಲ್ಲ, ವಿಚಿತ್ರ.
ಅವಳು ಯಾವಾಗಲೂ ನನ್ನ ಕಡೆ ತಿರುಗಿಯೇ ತೊಡುತ್ತಿದ್ದಳು.

ಏಳು ಈಗ. ಅರ್ಧ ಗಂಟೆಗೆ ಪರದೆ ಏಳುತ್ತದೆ.
ಕಾವಲುಗಾರನ ಹತ್ತಿರ ಒಂದು ಸಿಗರೇಟು ಬೇಡಿ ತಂದಿದ್ದೇನೆ,
ಹುಟ್ಟಿದಾಗಿನಿಂದ ಸೇದಿದವಳಲ್ಲ.
ಎಡತೋಳು. ಮೊಣಕೈಗೆ ಮೂರು ಬೆರಳು ಕೆಳಗೆ.
ಬೆಂಕಿಕಡ್ಡಿ ನೀನೇ ಗೀರು,
ಸೂಜಿಗೆ ನಡುಗದ ಕೈ ಇದಕ್ಕೆ ನಡುಗುತ್ತಿದೆ.
ಹಾಗೇ ಆ ಕಿಟಕಿ ತೆಗೆ.